ರಾತ್ರಿ ಚೆನ್ನಾಗಿದ್ದ ಕೆಂಚ ಬೆಳಗ್ಗೆ ಮೂರೇ ಕಾಲಲ್ಲಿ ನಿಂತಿದ್ದ

ಹೋದ ವರ್ಷ ದಸರಾ ಕಳೆದು ಒಂದು ವಾರ ಆಗಿತ್ತು, ಚಿತ್ತಾ ಮಳೆ ಹಿಡ್ಕೊಂಡಿತ್ತು. ಬೆಳಗ್ಗೆ ಆರು ಗಂಟೆಗೆ ಮುಂಚೆ ಹುರುಳಿ ಬಕೆಟ್ ತಗೊಂಡು ಕೊಟ್ಟಿಗೆಗೆ ಹೋದ್ರೆ ನಮ್ಮ ಕುದುರೆ ಕೆಂಚ ಕೆನೆಯಲೇ ಇಲ್ಲ. ದಿನಾ ನನ್ನ ಚಪ್ಪಲಿ ಸದ್ದು ಕೇಳಿದ್ರೆ ಸಾಕು, ಅಡ್ಡ ಕೋಲಿಗೆ ಎದೆ ಒತ್ಕೊಂಡು ನಿಲ್ಲೋನು, ಅವತ್ತು ಮೂಲೇಲಿ ತಲೆ ತಗ್ಗಿಸ್ಕೊಂಡು ನಿಂತಿದ್ದ. ಎಡಗಡೆ ಮುಂಗಾಲು ಊರಿಲ್ಲ, ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿದೆಯೋ ಇಲ್ವೋ ಅನ್ನೋ ಹಂಗೆ ಮುಂದಕ್ಕೆ ಚಾಚಿದಾನೆ, ಮೂಗಿನ ಹೊಳ್ಳೆ ಅರಳಿದೆ, ಕುತ್ತಿಗೆ ಬೆವರಲ್ಲಿ ಒದ್ದೆ. ಬಾ ಅಂತ ಕರೆದೆ. ಒಂದು ಹೆಜ್ಜೆ ಇಡೋಕೆ ನೋಡ್ದ, ಆ ಕಾಲು ನೆಲಕ್ಕೆ ತಾಗಿದ ತಕ್ಷಣ ತಲೇನ ಮೇಲಕ್ಕೆ ಎಸೆದು ಮಿಕ್ಕ ಮೂರು ಕಾಲಲ್ಲೇ ಜಿಗಿದು ಮತ್ತೆ ಅಲ್ಲೇ ನಿಂತ್ಬಿಟ್ಟ. ನಂಗೆ ಕೈಕಾಲು ತಣ್ಣಗಾಗಿ ಹೋಯ್ತು, ಹಿಂದಿನ ದಿನ ಸಂಜೆ ಮಗಳು ಅವನ ಮೇಲೆ ಕೂತು ತೆಂಗಿನ ತೋಟ ಎರಡು ಸುತ್ತು ಹಾಕಿದ್ಲು, ಒಂಚೂರೂ ಕುಂಟಿರ್ಲಿಲ್ಲ.

ಕೆಂಚ ಅಂದ್ರೆ ನಮ್ಮ ತಟ್ಟು, ಗಿಡ್ಡ ಜಾತಿ ಕುದುರೆ. ಹನ್ನೆರಡು ಹದಿಮೂರು ವರ್ಷ ಇರ್ಬೋದು ಅಂತ ಹಲ್ಲು ನೋಡಿ ಹೇಳಿದ್ರು, ಭುಜದ ಹತ್ರ ಎತ್ತರ 4 ಅಡಿ, ಅಂದ್ರೆ ಕುದುರೆಯವರ ಲೆಕ್ಕದಲ್ಲಿ 12 ಕೈ. ಮೈಸೂರಲ್ಲಿ ಟಾಂಗಾ ಎಳೀತಿದ್ದ, ಟಾಂಗಾ ಓಡಿಸ್ತಿದ್ದವರಿಗೆ ವಯಸ್ಸಾಗಿ ಮಕ್ಕಳು ಯಾರೂ ಆ ಕೆಲಸ ಮುಂದುವರ್ಸಲ್ಲ ಅಂದಾಗ ನಾವು ತಂದ್ಕೊಂಡಿದ್ದು. ನಮ್ದು ತಿ. ನರಸೀಪುರ ರೋಡಲ್ಲಿ ವರುಣ ದಾಟಿ ಸ್ವಲ್ಪ ಒಳಗೆ ಎರಡು ಎಕರೆ ತೋಟ, ಯಜಮಾನ್ರು ಕೆಲಸದ ಮೇಲೆ ಹೊಸೂರಲ್ಲಿ ಇರ್ತಾರೆ, ಶನಿವಾರ ಬರ್ತಾರೆ, ಮಿಕ್ಕ ದಿನ ನಾನು, ಹನ್ನೊಂದು ವರ್ಷದ ಮಗಳು, ಎರಡು ಹಸು, ಇವನು. ಹಸು ನೋಡ್ಕೊಂಡು ಬೆಳೆದೋಳು ನಾನು, ಹಸು ಕುಂಟಿದ್ರೆ ಏನು ಎತ್ತ ಅಂತ ಗೊತ್ತು, ಕುದುರೆ ಕಾಲು ಬೇರೆಯದೇ ಲೋಕ ಅಂತ ಗೊತ್ತಾಗಿದ್ದು ಆ ವಾರದಲ್ಲೇ.

ಮೊದಲು ಹತ್ತಿರದ ಒಬ್ಬರು ಪಶುವೈದ್ಯರಿಗೆ ಫೋನ್ ಮಾಡಿ ವಿಡಿಯೋ ಕಳಿಸ್ದೆ. ಅವರು ನೋಡಿದ್ದೆಲ್ಲಾ ಹಸು ಎಮ್ಮೆ ಕುರಿ, ಪಾಪ ಆ ಸೀಮೆಗೆಲ್ಲಾ ಅವರೊಬ್ರೇ. ವಿಡಿಯೋ ನೋಡಿ, ಮೇಡಂ ಇದು ಮೂಳೆ ಮುರಿದಿರೋ ಥರ ಇದೆ, ಕುದುರೆಗೆ ಕಾಲು ಮುರಿದ್ರೆ ಜಾಸ್ತಿ ಆಸೆ ಇಟ್ಕೋಬೇಡಿ ಅಂದ್ರು. ಬಂದು ಮುಟ್ಟಿ ನೋಡದೆ ಹಂಗೆ ಹೇಳಿದ್ದು ಇವತ್ತಿಗೂ ನಂಗೆ ನೋವೇ. ಆ ಒಂದು ಮಾತು ಕೇಳಿ ಮಗಳು ಕೊಟ್ಟಿಗೆ ಬಾಗಿಲಲ್ಲೇ ಕೂತು ಅಳೋಕೆ ಶುರು ಮಾಡಿದ್ಲು, ಸ್ಕೂಲಿಗೆ ಹೋಗಲ್ಲ ಅಂದ್ಲು, ನಾನೂ ಬಲವಂತ ಮಾಡ್ಲಿಲ್ಲ.

ಆಮೇಲೆ ಚಾಚಾಗೆ ಫೋನ್ ಮಾಡ್ದೆ. ಚಾಚಾ ಅಂದ್ರೆ ಕೆಂಚನಿಗೆ ಲಾಳ ಹೊಡೆಯೋ ನಾಲ್‌ಬಂದ್, ಮೈಸೂರಲ್ಲಿ ಪೊಲೀಸ್ ಅಶ್ವದಳದ ಕುದುರೆಗಳಿಗೆ ಲಾಳ ಕಟ್ಟಿ ರಿಟೈರ್ ಆದೋರು, ಈಗ ಟಾಂಗಾ ಕುದುರೆ, ಸಾರೋಟು ಕುದುರೆಗಳನ್ನ ನೋಡ್ತಾರೆ. ಇಲ್ಲಿ ಒಂದು ವಿಷಯ ಒಪ್ಕೋಬೇಕು. ನಾಲ್ಕೈದು ದಿನದ ಹಿಂದೆ ಅವರು ಬಂದು ಹೊಸ ಲಾಳ ಹೊಡೆದು ಹೋಗಿದ್ರು, ಹಂಗಾಗಿ ನನ್ನ ಮನಸ್ಸಲ್ಲಿ ಇವರೇ ಮೊಳೆ ಒಳಗೆ ಜೀವ ಇರೋ ಕಡೆ ಹೊಡೆದುಬಿಟ್ಟಿರ್ಬೇಕು ಅಂತ ಕೋಪ ಬಂದಿತ್ತು, ಫೋನಲ್ಲಿ ಸ್ವಲ್ಪ ಗಟ್ಟಿಯಾಗೇ ಮಾತಾಡ್ದೆ. ಅವರು ಏನೂ ತಿರುಗಿ ಹೇಳ್ಲಿಲ್ಲ. ಗೊರಸಿನ ಮೇಲೆ ಕೈ ಇಡಮ್ಮ, ಬಿಸಿ ಇದ್ಯಾ, ಇನ್ನೊಂದು ಗೊರಸು ಮುಟ್ಟಿ ನೋಡು, ಎರಡಕ್ಕೂ ವ್ಯತ್ಯಾಸ ಇದ್ಯಾ ಹೇಳು ಅಂದ್ರು. ಮುಟ್ಟಿದೆ. ಬಲಗಡೆದು ಮಳೇಲಿ ನೆನೆದ ಕಲ್ಲಿನ ಥರ ತಣ್ಣಗಿತ್ತು, ಎಡಗಡೆದು ಈಗಷ್ಟೇ ಒಲೆ ಮೇಲಿಂದ ಇಳಿಸಿ ಸ್ವಲ್ಪ ಹೊತ್ತಾದ ಪಾತ್ರೆ ಥರ ಬೆಚ್ಚಗಿತ್ತು. ಹಂಗಿದ್ರೆ ಅಮ್ಮಾ, ಇದು ಹಡ್ಡಿ ಅಲ್ಲ ಅನ್ಸುತ್ತೆ, ಪೀಪು, ನಾನು ಬರ್ತೀನಿ, ಡಾಕ್ಟ್ರನ್ನೂ ಕರ್ಕೊಂಡು ಬರ್ತೀನಿ ಅಂದ್ರು. ಹಡ್ಡಿ ಅಂದ್ರೆ ಮೂಳೆ, ಪೀಪು ಅಂದ್ರೆ ಕೀವು.

ಅವರು ಕರ್ಕೊಂಡು ಬಂದ ಡಾಕ್ಟ್ರು ಸೈನ್ಯದ ಕುದುರೆಗಳ ಜೊತೆ ವರ್ಷಗಟ್ಟಲೆ ಇದ್ದೋರು. ಕೊಟ್ಟಿಗೆಗೆ ಬಂದ ಮೇಲೆ ಐದು ನಿಮಿಷ ಅವರು ಆ ಕಾಲು ಮುಟ್ಟಲೇ ಇಲ್ಲ. ದೂರ ನಿಂತು ನೋಡಿದ್ರು, ಎದೆಬಡಿತ ಎಣಿಸಿದ್ರು, ನಿಮಿಷಕ್ಕೆ 60 ಇತ್ತು, ಸುಮ್ನೆ ನಿಂತಿರೋ ಕುದುರೆಗೆ 28ರಿಂದ 44 ಇರ್ಬೇಕಂತೆ, ತಟ್ಟುಗಳಿಗೆ ಸ್ವಲ್ಪ ಜಾಸ್ತಿ ಇರುತ್ತೆ ಅಷ್ಟೇ, 60 ಅಂದ್ರೆ ನೋವು. ಜ್ವರ ನೋಡಿದ್ರು, 100.8 ಫ್ಯಾರನ್‌ಹೀಟ್, ಅದು ನಾರ್ಮಲ್ಲೇ. ಹುರುಳಿ ಎಷ್ಟು ಹಾಕ್ತೀರ, ಅಕ್ಕಿ ಗೋಧಿ ಏನಾದ್ರೂ ಮೂಟೆ ಬಿಚ್ಚಿ ತಿಂದ್ನಾ ಅಂತೆಲ್ಲಾ ಕೇಳಿದ್ರು. ಯಾಕೆ ಅಂದ್ರೆ ಕಾಳು ಜಾಸ್ತಿ ತಿಂದ ಕುದುರೆಗೆ ಗೊರಸಿನ ಒಳಗಿನ ಪದರಾನೇ ಊದ್ಕೊಂಡು ಬಿಟ್ಟುಕೊಳ್ಳೋ ಒಂದು ಕಾಯಿಲೆ ಇದೆ, ಲ್ಯಾಮಿನೈಟಿಸ್ ಅಂತ, ಅದೂ ಹಿಂಗೇ ಗೊರಸು ಬಿಸಿ ಮಾಡುತ್ತೆ, ಆದ್ರೆ ಅದು ಸಾಮಾನ್ಯವಾಗಿ ಮುಂದಿನ ಎರಡೂ ಕಾಲಿಗೆ ಬರುತ್ತೆ, ಒಂದೇ ಕಾಲು ರಾತ್ರೋರಾತ್ರಿ ಇಷ್ಟು ಕೆಟ್ರೆ ಮೊದಲು ಗೊರಸಲ್ಲಿ ಕೀವು ಇದ್ಯಾ ನೋಡ್ಬೇಕು ಅಂದ್ರು. ಭುಜದಿಂದ ಕೆಳಗಿನ ತನಕ ಒಂದೊಂದು ಮೂಳೆ, ಒಂದೊಂದು ಗಿಣ್ಣು ಒತ್ತಿ ಮಡಿಸಿ ನೋಡಿದ್ರು, ಎಲ್ಲೂ ಊತ ಇಲ್ಲ, ಮೂಳೆ ಕಿರುಗುಟ್ಟಲಿಲ್ಲ.

ಆಮೇಲೆ ನನ್ನ ಕೈ ಹಿಡ್ಕೊಂಡು ಹೋಗಿ ಕಾಲಿನ ಕೆಳಗಿನ ಗಿಣ್ಣಿನ ಹಿಂದೆ, ಎರಡೂ ಪಕ್ಕದಲ್ಲಿ, ಹೆಬ್ಬೆಟ್ಟು ಮತ್ತೆ ತೋರುಬೆರಳು ಇಡ್ಸಿದ್ರು. ಒಂದೈದು ಸೆಕೆಂಡ್ ಏನೂ ಗೊತ್ತಾಗ್ಲಿಲ್ಲ. ಆಮೇಲೆ ಸಿಕ್ತು. ಟಕ್ ಟಕ್ ಅಂತ ಒಳಗಿಂದ ಯಾರೋ ಬೆರಳಿಗೆ ಬಡಿತಿರೋ ಹಂಗೆ. ಬಲಗಾಲಲ್ಲಿ ಅದೇ ಜಾಗ ಹುಡುಕಿದ್ರೆ ಸಿಗೋದೇ ಕಷ್ಟ, ಇದೆಯೋ ಇಲ್ವೋ ಅನ್ನೋ ಹಂಗೆ. ಚೆನ್ನಾಗಿರೋ ಗೊರಸಲ್ಲಿ ನಾಡಿ ಹಂಗೇ ಇರ್ಬೇಕಂತೆ, ಹುಡುಕಿದ್ರೂ ಸಿಗದ ಥರ. ಒಳಗೆ ಉರಿ ಇದ್ದಾಗ ಮಾತ್ರ ಅದು ಬಡಿಯುತ್ತೆ. ಇದನ್ನ ಓದ್ತಿರೋರು ಯಾರಾದ್ರೂ ಕುದುರೆ ಸಾಕಿದ್ರೆ ದಯವಿಟ್ಟು ಇದೊಂದು ಕಲ್ತ್ಕೊಳಿ, ಇವತ್ತೇ ಹೋಗಿ ನಾಲ್ಕೂ ಕಾಲಿನ ನಾಡಿ ಮುಟ್ಟಿ, ಚೆನ್ನಾಗಿರುವಾಗ ಹೆಂಗಿರುತ್ತೆ ಅಂತ ಬೆರಳಿಗೆ ಗೊತ್ತಿದ್ರೇನೇ ಕೆಟ್ಟಾಗ ಗೊತ್ತಾಗೋದು.

ಚಾಚಾ ಲಾಳ ಬಿಚ್ಚಿದ್ದನ್ನ ನಾನು ಮರೆಯಲ್ಲ. ಒಂದೇ ಸಲ ಜಂಬೂರಲ್ಲಿ, ಅಂದ್ರೆ ಇಕ್ಕಳದಲ್ಲಿ, ಹಿಡಿದು ಕಿತ್ತಿದ್ರೆ ಒಂದು ನಿಮಿಷದ ಕೆಲಸ. ಅವರು ಹಂಗೆ ಮಾಡ್ಲಿಲ್ಲ. ಆರು ಮೊಳೇನೂ ಒಂದೊಂದೇ ಮೆಲ್ಲಗೆ ಎಳೆದು, ಬೆಳಕಿಗೆ ಹಿಡಿದು ನೋಡಿ, ಮೂಗಿನ ಹತ್ರ ಇಟ್ಟು ವಾಸನೆ ನೋಡಿ, ನನ್ನ ಕೈಗೂ ಕೊಟ್ಟು, ನೋಡಮ್ಮ ಒಣಗಿದೆ, ನೋಡಮ್ಮ ಇದೂ ಒಣಗಿದೆ ಅಂತ ಬಕೆಟ್ಟಿನ ಅಂಚಿನ ಮೇಲೆ ಸಾಲಾಗಿ ಇಟ್ರು. ಮೊಳೆ ಜೀವಕ್ಕೆ ತಾಗಿದ್ರೆ ಅದರ ಮೇಲೆ ಒದ್ದೆ ಇರುತ್ತೆ, ಕಪ್ಪು ಇರುತ್ತೆ, ಕೊಳೆತ ವಾಸನೆ ಬರುತ್ತೆ. ಆರಕ್ಕೆ ಆರೂ ಒಣಗಿತ್ತು. ನಂಗೆ ನಾಚಿಕೆ ಆಯ್ತು. ಅಲ್ಲೇ ತಪ್ಪಾಯ್ತು ಚಾಚಾ ಅಂದೆ, ಅವರು ಕೇಳಿಸ್ಕೊಂಡ್ರೋ ಇಲ್ವೋ, ಅಷ್ಟೊತ್ತಿಗೆ ಕತ್ತಿ ಹಿಡಿದು ಗೊರಸಿನ ಅಡಿ ಕೆರೆಯೋಕೆ ಶುರು ಮಾಡಿದ್ರು.

ತಪ್ಪು ನನ್ನದೇ ಇತ್ತು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಾಯಿಸ್ಬೇಕು, ದಸರಾ ಹತ್ರ ಬರ್ತಾ ಚಾಚಾಗೆ ಬಿಡುವಿಲ್ಲ ಅಂತ ನಾನೇ ಬೇಡ ಬಿಡಿ ಹಬ್ಬ ಕಳೀಲಿ ಅಂತ ಹತ್ತು ವಾರ ತಳ್ಳಿದ್ದೆ. ಗೊರಸು ಮುಂದಕ್ಕೆ ಉದ್ದ ಬೆಳೆದ್ರೆ ಪ್ರತಿ ಹೆಜ್ಜೆಗೂ ಗೊರಸಿನ ಗೋಡೆ, ಅಂದ್ರೆ ಸುತ್ತಲಿನ ಗಟ್ಟಿ ಭಾಗ, ಆ ಕಡೆ ಎಳೆಯುತ್ತೆ, ಗೋಡೆಗೂ ಅಡಿಗೂ ಮಧ್ಯ ಇರೋ ಬಿಳಿ ಗೆರೆ ಅಗಲ ಆಗುತ್ತೆ. ಅದರ ಮೇಲೆ ಹಸ್ತಾ ಮಳೆ, ಚಿತ್ತಾ ಮಳೆ, ನೀರಿನ ತೊಟ್ಟಿ ಹತ್ರ ಗೊರಸು ಮುಳುಗೋಷ್ಟು ಕೆಸರು, ಮಧ್ಯ ನಾಲ್ಕು ದಿನ ಸುಡೋ ಬಿಸಿಲು, ಮತ್ತೆ ಮಳೆ. ನೆನೆದು ಉಬ್ಬಿ, ಒಣಗಿ ಸೀಳಿ, ಮತ್ತೆ ನೆನೆದು, ಆ ಸೀಳಲ್ಲಿ ಒಂದು ಕಡಲೆಕಾಳಿಗಿಂತ ಸಣ್ಣ ಕಲ್ಲಿನ ಚೂರು ಸೇರಿದ್ರೆ ಸಾಕು, ಅದರ ಜೊತೆ ಸಗಣಿ ಕೆಸರಿನ ಬ್ಯಾಕ್ಟೀರಿಯಾ ಒಳಗೆ ಹೋಗಿ ಕೂತ್ಕೊಳುತ್ತೆ. ನಮ್ಮ ಬೆರಳಿಗೆ ಕುರು ಆದ್ರೆ ಚರ್ಮ ಊದುತ್ತೆ, ಕೀವಿಗೆ ಜಾಗ ಸಿಗುತ್ತೆ. ಗೊರಸು ಅಂದ್ರೆ ಮುಚ್ಚಿದ ಡಬ್ಬಿ, ಎಲ್ಲೂ ಹಿಗ್ಗಲ್ಲ. ಒಳಗೆ ಒಂದು ಚಮಚ ಕೀವು ತುಂಬಿದ್ರೂ ಅದು ಜೀವ ಇರೋ ಪದರಾನ ಒತ್ತುತ್ತೆ, ಉಗುರಿನ ಅಡಿ ಕೀವಾದಾಗ ರಾತ್ರಿ ಎಲ್ಲಾ ನಿದ್ದೆ ಬರಲ್ವಲ್ಲ, ಆ ಉಗುರಿನ ಮೇಲೆ ಇಡೀ ಮೈ ಭಾರ ಹಾಕಿ ನಡೀಬೇಕು ಅಂದ್ರೆ ಹೆಂಗಿರುತ್ತೆ ಯೋಚ್ನೆ ಮಾಡಿ. ಅದಕ್ಕೇ ಅದು ಕಾಲು ಮುರಿದ ಹಂಗೆ ಕಾಣೋದು.

ಡಾಕ್ಟ್ರು ದೊಡ್ಡ ಇಕ್ಕಳದ ಥರ ಇರೋ ಹೂಫ್ ಟೆಸ್ಟರ್ ತಗೊಂಡು ಗೊರಸಿನ ಸುತ್ತ ಒಂದೊಂದು ಇಂಚಿಗೂ ಮೆಲ್ಲಗೆ ಒತ್ತುತ್ತಾ ಬಂದ್ರು. ಹೊರಗಡೆ ಭಾಗ ಸುಮ್ನಿದ್ದ, ತುದಿ ಸುಮ್ನಿದ್ದ, ಒಳಗಡೆ ಪಕ್ಕಕ್ಕೆ ಬಂದಾಗ ಕಾಲು ಕಿತ್ಕೊಂಡು ಹಿಂದಕ್ಕೆ ಹೋದ, ಅಲ್ಲೇ. ಅಲ್ಲಿ ಕೆರೆದಾಗ ಬಿಳಿ ಗೆರೆ ಮೇಲೆ ಸೂಜಿ ಮೊನೆಯಷ್ಟು ಒಂದು ಕಪ್ಪು ಚುಕ್ಕೆ ಸಿಕ್ತು. ಆ ಕಪ್ಪನ್ನ ಹಿಂಬಾಲಿಸ್ಕೊಂಡು ಚಾಚಾ ಒಂದು ಸೆಂಟಿಮೀಟರಿನಷ್ಟು ಒಳಗೆ ಹೋದ್ರು, ಪೆನ್ಸಿಲ್ ಹೋಗದಷ್ಟು ಸಣ್ಣ ತೂತು, ಆದ್ರೆ ಕೀವು ಬರ್ಲಿಲ್ಲ. ಅಡಿ ಗುಲಾಬಿ ಬಣ್ಣಕ್ಕೆ ತಿರುಗ್ತಿದ್ದ ಹಾಗೆ ಡಾಕ್ಟ್ರು ಸಾಕು ಅಂದ್ರು. ನಂಗೆ ಇನ್ನೊಂಚೂರು ತೆಗೀಬಾರ್ದಾ ಅನ್ಸಿತ್ತು. ಅದಕ್ಕೆ ಅವರು, ರಕ್ತ ಬರೋ ತನಕ ಕೆತ್ತಿದ್ರೆ ಒಂದು ವಾರದಲ್ಲಿ ವಾಸಿ ಆಗೋದು ಎರಡು ತಿಂಗಳು ಹಿಡಿಯುತ್ತೆ, ತೂತು ದೊಡ್ಡದಾದ್ರೆ ಒಳಗಿನ ಮಾಂಸ ಆಚೆಗೆ ಉಬ್ಬಿ ಬರುತ್ತೆ, ದಾರಿ ತೋರ್ಸಿದೀವಿ, ಅದು ಹಣ್ಣಾಗಿ ತಾನೇ ಬರ್ಬೇಕು ಅಂದ್ರು. ಹಣ್ಣಾಗೋ ತನಕ ಕುರು ಹಿಸುಕಬೇಡ ಅಂತ ನಮ್ಮಜ್ಜಿ ಹೇಳ್ತಿದ್ದ ಮಾತೇ ಇದು.

ಟೆಟನಸ್ ಇಂಜೆಕ್ಷನ್ ಬಗ್ಗೆ ಮೊದಲೇ ಕೇಳಿದ್ರು. ಕೆಂಚ ಬಂದಾಗ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್ ಕೊಡ್ಸಿದ್ವಿ, ಅದು ಗೊತ್ತಿದ್ದಿದ್ದರಿಂದ ಒಂದು ಬೂಸ್ಟರ್ ಹಾಕಿದ್ರು ಅಷ್ಟೇ, ಏನೂ ಕೊಡಿಸಿರದಿದ್ರೆ ಬೇರೆ ಆಂಟಿಟಾಕ್ಸಿನ್ನೂ ಕೊಡ್ಬೇಕಿತ್ತಂತೆ. ಧನುರ್ವಾಯು ರೋಗಾಣು ಮಣ್ಣಲ್ಲೇ ಇರುತ್ತೆ, ಕುದುರೆ ಲದ್ದೀಲೂ ಇರುತ್ತೆ, ಗಾಳಿ ಆಡದ ಗಾಯ ಅಂದ್ರೆ ಅದಕ್ಕೆ ಇಷ್ಟ, ಗೊರಸಿನ ಒಳಗಿನ ಗಾಯಕ್ಕಿಂತ ಒಳ್ಳೆ ಜಾಗ ಅದಕ್ಕೆ ಬೇರೆ ಬೇಡ, ಸಾಕುಪ್ರಾಣಿಗಳಲ್ಲಿ ಕುದುರೆ ಜಾತಿಯಷ್ಟು ಸುಲಭವಾಗಿ ಅದಕ್ಕೆ ಬಲಿಯಾಗೋದು ಇನ್ನೊಂದಿಲ್ಲ. ನೋವಿಗೆ ಮೆಲಾಕ್ಸಿಕಾಮ್ ಕೊಟ್ರು. ಆಂಟಿಬಯೋಟಿಕ್ ಕೊಡ್ಲಿಲ್ಲ. ಜ್ವರ ಇಲ್ಲ, ಕಾಲು ಮೇಲಕ್ಕೆ ಊದಿಲ್ಲ, ಮುಚ್ಚಿದ ಡಬ್ಬಿ ಒಳಗೆ ಔಷಧಿ ಸರಿಯಾಗಿ ಹೋಗಲ್ಲ, ಕೀವು ಆಚೆ ಬರೋದೇ ಇದಕ್ಕೆ ಔಷಧಿ ಅಂದ್ರು.

ಅವತ್ತು ಮಧ್ಯಾಹ್ನ ಪಕ್ಕದ ತೋಟದವರು ಪ್ರೀತಿಯಿಂದಲೇ ಮನೇಲಿದ್ದ ಡೈಕ್ಲೋಫೆನಾಕ್ ಇಂಜೆಕ್ಷನ್ ತಂದುಕೊಟ್ರು, ಅವರಿಗೆ ಸೊಂಟನೋವಿಗೆ ಕೊಟ್ಟಿದ್ದು. ಬೇಡ ಅಂದೆ. ಪಶುಗಳಿಗೆ ಕೊಡೋ ಡೈಕ್ಲೋಫೆನಾಕ್ ತಯಾರಿಸೋದನ್ನ 2006ರಲ್ಲೇ ನಿಲ್ಸೋಕೆ ಸರ್ಕಾರ ಹೇಳಿದ್ದು ಯಾಕೆ ಅಂದ್ರೆ, ಅದನ್ನ ತಗೊಂಡ ಪ್ರಾಣಿ ಸತ್ತು ಹದ್ದುಗಳು ತಿಂದ್ರೆ ಅವುಗಳ ಕಿಡ್ನಿ ಹೋಗಿ ಸಾಯ್ತವೆ, ರಣಹದ್ದುಗಳ ಸಂತತಿ ನಮ್ಮ ದೇಶದಲ್ಲಿ ಹೆಚ್ಚುಕಮ್ಮಿ ಅಳಿಸಿಹೋಗಿದ್ದೇ ಅದರಿಂದ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರೋ ಬೆರಳೆಣಿಕೆ ಹದ್ದುಗಳನ್ನ ಮಗಳಿಗೆ ತೋರ್ಸೋಕೆ ಅಂತ ಹೋಗಿದ್ವಿ, ಅವತ್ತು ಒಂದೂ ಕಾಣ್ಲಿಲ್ಲ, ಅವಳಿಗೆ ಅದು ನೆನಪಿತ್ತು, ನಾನು ಹೇಳೋ ಮುಂಚೆ ಅವಳೇ ಪಕ್ಕದ ಮನೆ ಅಣ್ಣಂಗೆ ಇದನ್ನೆಲ್ಲಾ ವಿವರಿಸಿ ಹೇಳಿದ್ಲು. ಇನ್ನೊಬ್ಬರು ಹಿರಿಯರು ಬಂದು ಭುಜಕ್ಕೆ ಬರೆ ಹಾಕ್ಸಿ, ಒಂದೇ ದಿನದಲ್ಲಿ ಓಡ್ತಾನೆ ಅಂದ್ರು. ಎತ್ತುಗಳ ಭುಜದ ಮೇಲೆ ಆ ಬರೆ ಗುರುತು ನೋಡ್ಕೊಂಡೇ ಬೆಳೆದೋಳು ನಾನು. ನೋವಿರೋದು ಕಾಲಡಿ, ಸುಡೋದು ಭುಜ, ನನ್ನ ಕೊಟ್ಟಿಗೇಲಿ ಅದು ಆಗಲ್ಲ ಅಂತ ಖಡಾಖಂಡಿತ ಹೇಳ್ದೆ, ಅವರಿಗೆ ಬೇಜಾರಾಯ್ತು, ಆಗ್ಲಿ.

ಪಟ್ಟಿ ಕಟ್ಟೋದು ನನ್ನ ಕೆಲಸ ಆಯ್ತು. ಬೆಳಗ್ಗೆ ಸಂಜೆ ಎರಡು ಹೊತ್ತು, ಕೈ ತಡೆಯೋಷ್ಟು ಬಿಸಿ ನೀರಲ್ಲಿ ಎಪ್ಸಮ್ ಸಾಲ್ಟ್ ಕರಗಿಸಿ ಹದಿನೈದಿಪ್ಪತ್ತು ನಿಮಿಷ ಗೊರಸು ಅದ್ದಿಸೋದು. ಮೊದಲನೇ ದಿನ ಬಕೆಟ್ ಒದ್ದು ಮೂರು ಸಲ ಚೆಲ್ಲಿದ. ಆಮೇಲೆ ಮಗಳು ಉಪಾಯ ಮಾಡಿದ್ಲು, ಬಕೆಟ್ ಬದಲು ಅಗಲವಾದ ರಬ್ಬರ್ ಬಾಂಡ್ಲಿ, ಎದುರಿಗೆ ಕೂತು ಒಂದೊಂದೇ ಗರಿಕೆ ಎಳೆ ತಿನ್ನಿಸೋದು, ಅವಳು ತಿನ್ನಿಸೋವಷ್ಟು ಹೊತ್ತೂ ಕಾಲು ಅಲ್ಲಾಡಿಸಲ್ಲ. ನೆನೆಸಿದ ಮೇಲೆ ಗೋಧಿ ಬೂಸಾಗೆ ಎಪ್ಸಮ್ ಸಾಲ್ಟ್ ಹಾಕಿ ಬಿಸಿನೀರಲ್ಲಿ ಮುದ್ದೆ ಹದಕ್ಕೆ ಕಲಸಿ, ಅದನ್ನ ಮಗು ಡೈಪರಲ್ಲಿ ಹರಡಿ ಗೊರಸಿನ ಅಡಿಗಿಟ್ಟು ಸುತ್ತಿ, ಮೇಲೆ ಕ್ರೇಪ್ ಬ್ಯಾಂಡೇಜು, ಅದರ ಮೇಲೆ ಅಗಲದ ಸಿಲ್ವರ್ ಟೇಪನ್ನ ಮೊದಲೇ ನೆಲದ ಮೇಲೆ ಅಡ್ಡಡ್ಡ ಉದ್ದುದ್ದ ಅಂಟಿಸಿ ಒಂದು ಚೌಕ ಮಾಡ್ಕೊಂಡಿದ್ದು ಅಡಿಗೆ ಹಚ್ಚಿ ಸುತ್ತ ಮಡಚೋದು. ಟೇಪು ಮಾತ್ರ ಕೂದಲು ಶುರುವಾಗೋ ಅಂಚಿನ ಮೇಲೆ ಬಿಗಿಯಾಗಬಾರದು, ರಕ್ತ ಓಡಾಟ ನಿಲ್ಲುತ್ತೆ. ಡೈಪರ್ ನಮ್ಮೂರ ಅಂಗಡೀಲಿ ಕೊನೆ ಎರಡು ಪ್ಯಾಕೆಟ್ ಇತ್ತು, ಎರಡೂ ತಂದೆ. ಕೊಟ್ಟಿಗೇಲಿ ಭತ್ತದ ಹುಲ್ಲು ಮೊಣಕಾಲುದ್ದ ಹರಡಿದ್ವಿ, ಮಲಗ್ಲಿ ಅಂತ. ಮಲಗದೆ ನಿಂತೇ ಇದ್ರೆ ಭಾರ ಎಲ್ಲಾ ಬಲಗಾಲಿನ ಮೇಲೆ ಬಿದ್ದು ಚೆನ್ನಾಗಿರೋ ಗೊರಸೂ ಕೆಡುತ್ತೆ ಅಂತ ಡಾಕ್ಟ್ರು ಹೆದರ್ಸಿದ್ರು, ಅದಕ್ಕೇ ದಿನಾ ಬಲಗಾಲಿನ ನಾಡೀನೂ ನೋಡ್ತಿದ್ದೆ. ಹುರುಳಿ ಪೂರ್ತಿ ನಿಲ್ಸಿ ಹಸಿ ಹುಲ್ಲು, ರಾಗಿ ಹುಲ್ಲು ಮಾತ್ರ.

ಎರಡನೇ ದಿನ ಸಂಜೆ ಪಟ್ಟಿ ಬಿಚ್ಚಿದಾಗ ಆ ವಾಸನೆ ಬಂತು. ಕೊಳೆತ ಮೊಟ್ಟೆ ವಾಸನೆ, ಬೂಸಾ ಮಧ್ಯ ಬೂದಿಗಪ್ಪು ಬಣ್ಣದ ನೀರು, ಎರಡು ರೂಪಾಯಿ ನಾಣ್ಯದಷ್ಟು ಕಲೆ. ಅಷ್ಟು ಕೆಟ್ಟ ವಾಸನೆ ನೋಡಿ ಅಷ್ಟು ಖುಷಿ ನಾನು ಯಾವತ್ತೂ ಪಟ್ಟಿಲ್ಲ. ಮೂರನೇ ದಿನ ಕಾಲು ಊರಿದ. ನಾಡಿ ಇಳಿದಿತ್ತು. ಯಜಮಾನ್ರಿಗೆ ಫೋನಲ್ಲಿ ಮುಗೀತು ವಾಸಿ ಆಯ್ತು ಅಂದೆ.

ನಾಲ್ಕನೇ ದಿನ ರಾತ್ರಿ ಮತ್ತೆ ಮೂರು ಕಾಲಿಗೆ ಬಂದ. ಮೊದಲಿಗಿಂತ ಜಾಸ್ತಿ. ಹುಲ್ಲು ಮೂಸಿ ನೋಡಿ ಬಿಟ್ಬಿಟ್ಟ, ಮಲಗ್ತಾನೆ, ಏಳ್ತಾನೆ, ಮತ್ತೆ ಮಲಗ್ತಾನೆ, ನರಳ್ತಾನೆ. ಕುದುರೆ ನರಳೋ ಸದ್ದು ಕೇಳಿದ್ದೀರಾ ಗೊತ್ತಿಲ್ಲ, ಅದು ಎದೆಯಿಂದ ಬರುತ್ತೆ, ಮನುಷ್ಯರದ್ದೇ ಥರ. ನಾನು ಹುಲ್ಲಿನ ಮೇಲೆ ಚಾಪೆ ಹಾಕ್ಕೊಂಡು ಅವನ ಹತ್ರಾನೇ ಮಲಗಿದೆ. ಆ ರಾತ್ರಿ ಮೊದಲ ದಿನ ಕೇಳಿದ ಮಾತು, ಆಸೆ ಇಟ್ಕೋಬೇಡಿ ಅಂದಿದ್ದು, ತಲೆಯಿಂದ ಹೋಗ್ಲೇ ಇಲ್ಲ.

ಬೆಳಗ್ಗೆ ಡಾಕ್ಟ್ರು ಬಂದ್ರು. ಜ್ವರ 101.6 ಆಗಿತ್ತು, ಗಿಣ್ಣಿನ ಮೇಲೂ ಸ್ವಲ್ಪ ಊತ. ಕೆಳಗಿನ ತೂತಿಂದ ಬಂದಿದ್ದು ಒಂದು ಭಾಗ ಮಾತ್ರ, ಇನ್ನೊಂದು ಭಾಗ ಮೇಲಕ್ಕೆ ದಾರಿ ಮಾಡ್ಕೊಂಡು ಹೋಗ್ತಿರ್ಬೇಕು ಅಂದ್ರು. ಕೀವು ಯಾವಾಗ್ಲೂ ಸುಲಭದ ದಾರಿ ಹುಡುಕುತ್ತೆ, ಅಡಿ ಗಟ್ಟಿ ಇದ್ರೆ ಗೋಡೆಯ ಒಳಪದರದ ಉದ್ದಕ್ಕೂ ಮೇಲೆ ಹತ್ತಿ ಕೂದಲು ಮುಗಿಯೋ ಅಂಚಲ್ಲಿ ಒಡೆಯುತ್ತೆ. ಎರಡು ದಿನದಲ್ಲಿ ಒಡೀಲಿಲ್ಲ ಅಂದ್ರೆ ಎಕ್ಸ್‌ರೇ ಮಾಡ್ಸಲೇಬೇಕು, ಗೊರಸಿನ ಒಳಗಿನ ಮೂಳೆಗೆ ಸೋಂಕು ತಗುಲಿದ್ಯಾ ನೋಡ್ಬೇಕು, ಬೆಂಗಳೂರಿಗೆ ಕರ್ಕೊಂಡು ಹೋಗೋ ಗಾಡಿ ಹುಡುಕಿ ಇಟ್ಕೊಳಿ ಅಂದ್ರು, ಊತ ಬಂದಿದ್ದರಿಂದ ಈಗ ಆಂಟಿಬಯೋಟಿಕ್ಕೂ ಶುರು ಮಾಡಿದ್ರು. ಮೂರು ಕಾಲಿನ ಪ್ರಾಣೀನ ಲಾರಿಗೆ ಹತ್ತಿಸಿ 150 ಕಿಲೋಮೀಟರ್ ನಿಲ್ಲಿಸ್ಕೊಂಡು ಹೋಗೋದು ಹೆಂಗೆ ಅಂತ ನಾನು ಕೂತು ಯೋಚ್ನೆ ಮಾಡ್ತಿದ್ರೆ, ಚಾಚಾ ಗೊರಸಿನ ಅಂಚನ್ನ ಹೆಬ್ಬೆಟ್ಟಲ್ಲಿ ಒತ್ತುತ್ತಾ ಹೋಗಿ ಒಳಗಡೆ ಪಕ್ಕದಲ್ಲಿ ನಿಲ್ಸಿದ್ರು. ಮುಟ್ಟಮ್ಮ ಇಲ್ಲಿ ಅಂದ್ರು. ಒಂದು ಜಾಗ, ಹುಣಸೆ ಬೀಜದಷ್ಟು, ಮೆತ್ತಗೆ. ಮಿಕ್ಕ ಕಡೆ ಎಲ್ಲಾ ಗಟ್ಟಿ. ಬಾಯಿ ಮಾಡ್ತಿದೆ ಅಂದ್ರು.

ಬಿಸಿ ಬೂಸಾ ಪಟ್ಟೀನ ಆ ಅಂಚೂ ಮುಚ್ಚೋ ಹಂಗೆ ಎತ್ತರ ಕಟ್ಟಿದ್ವಿ. ಆರನೇ ದಿನ ಬೆಳಗಿನ ಜಾವ ಮೂರೂವರೆಗೆ ಮಳೆ ನಿಂತು ಎಲ್ಲಾ ನಿಶ್ಶಬ್ದ ಆಗಿತ್ತು, ಯಾರೋ ಹುಲ್ಲು ಅಗೀತಿರೋ ಸದ್ದಿಗೆ ನಂಗೆ ಎಚ್ಚರ ಆಯ್ತು. ಟಾರ್ಚ್ ಹಾಕಿದ್ರೆ ಕೆಂಚ ಗೋದಲಿಗೆ ಬಾಯಿ ಹಾಕಿ ನಾಲ್ಕೂ ಕಾಲು ಊರಿ ನಿಂತಿದಾನೆ, ಪಟ್ಟಿ ಮೇಲ್ಗಡೆಯಿಂದ ಕಪ್ಪು ನೀರು ಗೊರಸಿನ ಮೇಲೆ ಇಳಿದಿದೆ, ಕೊಟ್ಟಿಗೆ ತುಂಬಾ ಆ ವಾಸನೆ. ನಾಡಿ ಹುಡುಕ್ದೆ. ಸಿಗ್ಲಿಲ್ಲ. ಮತ್ತೆ ಹುಡುಕ್ದೆ, ಸಿಗ್ಲಿಲ್ಲ. ಅಲ್ಲೇ ಅವನ ಕುತ್ತಿಗೆಗೆ ತಲೆ ಕೊಟ್ಟು ನಾನು ಅತ್ತಿದ್ದು ಮಗಳಿಗೆ ಇನ್ನೂ ಗೊತ್ತಿಲ್ಲ.

ಆಮೇಲಿನದು ತಾಳ್ಮೆ ಕೆಲಸ ಅಷ್ಟೇ. ಎರಡು ದಿನ ಇನ್ನೂ ಬೂಸಾ ಪಟ್ಟಿ, ಸೋರೋದು ನಿಂತ ಮೇಲೆ ನೆನೆಸೋದು ನಿಲ್ಸಿದ್ವಿ, ಯಾಕೆ ಅಂದ್ರೆ ನೆನೆಸ್ತಾನೇ ಇದ್ರೆ ಗೊರಸು ಮೆತ್ತಗಾಗಿ ಮತ್ತೆ ಅದೇ ಕಥೆ. ಅಲ್ಲಿಂದ ಪೊವಿಡೋನ್ ಅಯೋಡಿನ್‌ಗೆ ಸಕ್ಕರೆ ಹಾಕಿ ಜೇನುತುಪ್ಪದ ಹದಕ್ಕೆ ಕಲಸಿ ಅಡಿಯ ತೂತಿಗೆ ಹಚ್ಚಿ ಒಣ ಪಟ್ಟಿ, ದಿನಕ್ಕೊಂದು ಸಲ. ಆಂಟಿಬಯೋಟಿಕ್ ಡಾಕ್ಟ್ರು ಹೇಳಿದಷ್ಟು ದಿನ ಪೂರ್ತಿ ಮುಗಿಸಿದ್ವಿ. ಬೆಂಗಳೂರಿಗೆ ಹೋಗ್ಬೇಕಾಗ್ಲಿಲ್ಲ. ಮೂರನೇ ವಾರ ತೂತು ಗಟ್ಟಿಯಾಯ್ತು, ಒಂದು ತಿಂಗಳು ಬಿಟ್ಟು ಮಗಳು ಮತ್ತೆ ಕೂತ್ಲು. ನೀರಿನ ತೊಟ್ಟಿ ಸುತ್ತ ಜಲ್ಲಿ ಹಾಕ್ಸಿ ಮೇಲೆ ದಪ್ಪ ಮರಳು ತುಂಬಿಸಿದೀವಿ, ಈಗ ಅಲ್ಲಿ ಕೆಸರಾಗಲ್ಲ. ಚಾಚಾ ಬರೋ ದಿನಾಂಕ ಕ್ಯಾಲೆಂಡರಲ್ಲಿ ಆರು ವಾರಕ್ಕೊಂದು ಕೆಂಪು ಗುರುತು, ಹಬ್ಬ ಬರ್ಲಿ ಮದುವೆ ಬರ್ಲಿ ಅದು ತಪ್ಪಲ್ಲ. ಲಾಳ ಸದ್ಯಕ್ಕೆ ಹೊಡೆಸಿಲ್ಲ, ಟಾರ್ ರೋಡಲ್ಲಿ ಟಾಂಗಾ ಎಳೆಯೋದು ಮುಗಿದ ಮೇಲೆ ತೋಟದ ಮಣ್ಣಲ್ಲಿ ಓಡಾಡೋ ಇವನಿಗೆ ಬೇಡ ಅಂತ ಚಾಚಾನೇ ಅಂದ್ರು. ಕಲ್ಲು ಸಿಕ್ಕಿದ್ಯಾ ಅಂತ ದಿನಾ ಸಂಜೆ ನಾಲ್ಕೂ ಗೊರಸು ಎತ್ತಿ ಕೊಕ್ಕೆಯಿಂದ ಕ್ಲೀನ್ ಮಾಡ್ತೀವಿ, ಹಂಗೇ ನಾಲ್ಕೂ ನಾಡಿ ಮುಟ್ಟಿ ನೋಡ್ತೀವಿ, ಮಗಳು ಎರಡು, ನಾನು ಎರಡು.

ಒಂದು ಮಾತು ಡಾಕ್ಟ್ರು ಒತ್ತಿ ಹೇಳಿದ್ದನ್ನ ಇಲ್ಲೇ ಬರೀತೀನಿ, ನಮಗೆ ಆಗ್ಲಿಲ್ಲ ಆದ್ರೆ ಯಾರಿಗಾದ್ರೂ ಆಗ್ಬೋದು. ಗೊರಸಿನ ಅಡಿ ಮಧ್ಯ ಮೆತ್ತಗಿರೋ ತ್ರಿಕೋನ ಇದೆಯಲ್ಲ, ಫ್ರಾಗ್ ಅಂತಾರೆ, ಅಲ್ಲಿ ಮೊಳೆ ಚುಚ್ಚಿಕೊಂಡು ಇನ್ನೂ ಅಲ್ಲೇ ಇದ್ರೆ ಗಾಬರಿಯಲ್ಲಿ ಕಿತ್ತು ಬಿಸಾಕ್ಬೇಡಿ. ಅದರ ಮೇಲೆ ಇನ್ನಷ್ಟು ಭಾರ ಬೀಳದ ಹಂಗೆ ಪಟ್ಟಿ ಕಟ್ಟಿ ತಕ್ಷಣ ಡಾಕ್ಟ್ರನ್ನ ಕರೀರಿ, ಮೊಳೆ ಎಷ್ಟು ಆಳ ಯಾವ ದಿಕ್ಕಿಗೆ ಹೋಗಿದೆ ಅಂತ ಎಕ್ಸ್‌ರೇಲಿ ಕಾಣ್ಬೇಕು, ಅದರ ಮೇಲೇ ಕೀಲು ಇದೆ, ಅಲ್ಲಿಗೆ ಸೋಂಕು ಹೋದ್ರೆ ಅದು ಬರೀ ಕೀವಿನ ವಿಷಯ ಅಲ್ಲ, ಜೀವದ ವಿಷಯ.

ಮೇಲೆ ಒಡೆದ ಜಾಗದಲ್ಲಿ ಗೊರಸಿನ ಮೇಲೆ ಅಡ್ಡಕ್ಕೆ ಒಂದು ಸೀಳು ಉಳೀತು, ಉಗುರಿಗೆ ಪೆಟ್ಟಾದಾಗ ಕಲೆ ಉಳಿಯುತ್ತಲ್ಲ ಹಂಗೆ. ಗೊರಸು ಬೆಳೆದ ಹಾಗೆ ಅದು ಕೆಳಗೆ ಇಳೀತಾ ಬರುತ್ತೆ. ಮಗಳು ಪ್ರತಿ ತಿಂಗಳು ಒಂದನೇ ತಾರೀಕು ಸ್ಕೂಲ್ ಸ್ಕೇಲ್ ಇಟ್ಟು ಕೂದಲಂಚಿಂದ ಸೀಳಿನ ತನಕ ಅಳೆದು ರಫ್ ನೋಟ್‌ಬುಕ್ಕಲ್ಲಿ ಬರ್ಕೊಳ್ತಾಳೆ. ಡಿಸೆಂಬರಲ್ಲಿ 9 ಮಿಲಿಮೀಟರ್, ಜನವರಿ 17, ಫೆಬ್ರವರಿ 25, ಮಾರ್ಚ್ 33. ಹೋದ ವಾರ ಚಾಚಾ ಬಂದಾಗ ನೋಟ್‌ಬುಕ್ ತೋರ್ಸಿದ್ಲು. ಅವರು ಕನ್ನಡಕ ಏರಿಸಿ ಒಂದೊಂದೇ ಅಂಕಿ ಓದಿ, ಗೊರಸು ಉಜ್ಜೋ ಅರ ಕೆಳಗಿಟ್ಟು, ಇನ್ನು ಎರಡು ಸಲ ನಾನು ಬಂದ್ರೆ ಇದು ನನ್ನ ಕತ್ತಿಗೆ ಸಿಗುತ್ತೆ ಮಗಾ, ಕತ್ತರಿಸಿ ನಿಂಗೇ ಕೊಡ್ತೀನಿ ಇಟ್ಕೋ ಅಂದ್ರು.